ಟೋಲ್ ಪ್ರಶ್ನೆಗೆ ಸಿಕ್ಕ ಭರವಸೆ

ಸಂಸತ್ತಿನ ವರದಿಗಾರಿಕೆ ಬಿಟ್ಟು ಡೆಸ್ಕಿಗೆ ಬಂದ ಮೇಲೂ ಅಧಿವೇಶನದ ದಿನಗಳಲ್ಲಿ ಪ್ರಶ್ನೋತ್ತರ ಅವಧಿಗೆ ಟಿವಿ ಹಾಕುತ್ತೇನೆ. ಹೆದ್ದಾರಿ ಟೋಲ್ ವಿಷಯ ಬಂದರೆ ಸೌಂಡ್ ಜಾಸ್ತಿ ಮಾಡುತ್ತೇನೆ. ಇದು ಗೆಳತಿಯೊಬ್ಬಳಿಂದ ಅಂಟಿದ ಅಭ್ಯಾಸ.

ಆಗ ನಾವಿಬ್ಬರೂ ದೆಹಲಿಯ ಹೌಜ್ ಖಾಸ್‌ನಲ್ಲಿ ತಾರಸಿ ಮೇಲಿನ ಒಂದು ಕೋಣೆಯಲ್ಲಿದ್ದೆವು. ಅವಳು ನಮ್ಮ ಕಡೆಯ ಸಂಸದರೊಬ್ಬರ ಸಹಾಯಕಿ. ಸದನದಲ್ಲಿ ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಡುವುದು ಅವಳ ಕೆಲಸ. ಫರೀದಾಬಾದ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಅವಳ ಅಣ್ಣ ಭಾನುವಾರ ಊಟಕ್ಕೆ ಬಂದಾಗಲೆಲ್ಲ ಟೋಲ್ ಕಟ್ಟಿದ ಸಿಟ್ಟನ್ನು ತಂಗಿಯ ಮೇಲೆ ತೀರಿಸಿಕೊಳ್ಳುತ್ತಿದ್ದ.

“ರಸ್ತೆಗೆ ಹಾಕಿದ ದುಡ್ಡು ವಾಪಸ್ ಬಂತೋ ಇಲ್ವೋ? ಬಂದಿದ್ರೆ ದರ ಯಾಕೆ ಇಳಿಸಿಲ್ಲ? ಅಷ್ಟನ್ನ ಕೇಳಿಸಕ್ಕಾಗಲ್ವೇನೇ ನಿನ್ನ ಸಾಹೇಬ್ರ ಕೈಲಿ?”

“ಕೇಳಿಸ್ತೀನಿ ಇರೋ. ಮೊದ್ಲು ಅನ್ನ ಬಡಿಸ್ಕೋ.”

ಬರೆದಳು. ಪ್ರಶ್ನೆಗಳ ಸರದಿ ಗೊತ್ತುಮಾಡುವ ಲಾಟರಿಯಲ್ಲಿ ಅದಕ್ಕೆ ಮೇಲಿನ ಸ್ಥಾನ ಸಿಕ್ಕಿತು. ಸದನದಲ್ಲಿ ಸಚಿವರು ಎದ್ದು ಉತ್ತರಿಸುವುದು ಮೇಲಿನ ಕೆಲವಕ್ಕೆ ಮಾತ್ರ. ಅವತ್ತು ಬೆಳಿಗ್ಗೆ ಮೊದಲೇ ಕೈಸೇರಿದ ಲಿಖಿತ ಉತ್ತರದಲ್ಲಿ ಬರೀ ನಿಯಮಗಳಿದ್ದವು. ಅಣ್ಣನ ಮಾತನ್ನು ಉಪಪ್ರಶ್ನೆಯಾಗಿ ಕೇಳಬೇಕಿತ್ತು. ಅದಕ್ಕೆ ಸಂಸದರಿಗೆ ಇದ್ದದ್ದು ಎರಡೇ ಅವಕಾಶ.

ನಾನು ಪತ್ರಕರ್ತರ ಗ್ಯಾಲರಿಯಲ್ಲಿದ್ದೆ, ಅವಳು ಸಂಸದರ ಮನೆಯ ಟಿವಿ ಮುಂದೆ. ಮೊದಲ ಅವಕಾಶದಲ್ಲಿ ಸಂಸದರು ತಮ್ಮ ಕ್ಷೇತ್ರಕ್ಕೊಂದು ಸೇತುವೆ ಕೇಳಿದರು. ಸಚಿವರು ನಕ್ಕು ಒಪ್ಪಿದರು, ಸದನ ಮೇಜು ಕುಟ್ಟಿತು. ಎರಡನೆಯದಕ್ಕೆ ಜೇಬು ತಡಕಿ ಚೀಟಿ ತೆಗೆದು ಓದಿದರು: ವೆಚ್ಚ ವಸೂಲಾದರೂ ದರ ಇಳಿಸದ ಟೋಲ್‌ಗಳು ಯಾವುವು? ಸಚಿವರು ಕಡತ ತಿರುವಿದರು. “ಮಾಹಿತಿ ಸಂಗ್ರಹಿಸಿ ಸದನದ ಮುಂದಿಡುತ್ತೇವೆ.” ಮುಂದಿನ ಪ್ರಶ್ನೆ.

“ಉತ್ತರಾನೇ ಇಲ್ಲ, ಅದೆಂಥಾ ಸುದ್ದಿ? ಸೇತುವೆ ಕೊಡಿ,” ಎಂದರು ಆಫೀಸಿನವರು. ಸೇತುವೆ ಕೊಟ್ಟೆ.

ಸಂಜೆ ಕೋಣೆಗೆ ಬಂದರೆ ಅಣ್ಣ ತಂಗಿ ಜಿಲೇಬಿ ತಿನ್ನುತ್ತಿದ್ದರು.

“ಸಂಗ್ರಹಿಸಿ ಇಡ್ತೀವಿ ಅಂದ್ರಲ್ಲ, ಅದು ಭರವಸೆ ಅಂತ ದಾಖಲಾಗತ್ತೆ,” ಎಂದಳು. “ಕೊಟ್ಟ ಭರವಸೆ ನೋಡ್ಕೊಳ್ಳೋಕೆ ಅಂತಾನೇ ಒಂದು ಸಮಿತಿ ಇದೆ. ಉತ್ತರ ಬರೋವರೆಗೂ ಬಿಡಲ್ಲ.”

ನನಗೂ ಅದು ಗೊತ್ತಿತ್ತು. ಆದರೆ ನಾಳೆಯ ಪತ್ರಿಕೆಗೆ ಬರೆಯುವವರು ಅಷ್ಟು ದೂರ ನೋಡುವುದಿಲ್ಲ.

“ಅಚ್ಛಾ! ಅಷ್ಟರಲ್ಲಿ ನಾನು ರಿಟೈರ್ ಆಗಿರ್ತೀನಿ,” ಎಂದ ಅಣ್ಣ. ಅವಳು ಅವನ ಕೈಯಿಂದ ಪೊಟ್ಟಣ ಕಿತ್ತುಕೊಂಡು ನನಗೆ ಕೊಟ್ಟಳು.

ಉತ್ತರ ಬರುವಷ್ಟರಲ್ಲಿ ಅವಳು ಬೇರೆ ನೌಕರಿ ಹಿಡಿದು ಪುಣೆಗೆ ಹೋಗಿದ್ದಳು. ಗದ್ದಲದ ನಡುವೆ ಸದನದ ಮುಂದಿಟ್ಟ ಕಾಗದಗಳಲ್ಲಿ ಅದೂ ಒಂದು. ಫೋನಿನಲ್ಲಿ ಓದಿ ಹೇಳಿದೆ. ಕೆಲವು ಕಡೆ ದರ ಇಳಿಸುವುದಾಗಿ ಒಪ್ಪಿದ್ದರು. ಅಣ್ಣನ ದಾರಿಯ ಟೋಲ್ ಎದುರಿಗೆ ಮಾತ್ರ, ‘ವೆಚ್ಚ ಇನ್ನೂ ವಸೂಲಾಗಿಲ್ಲ’.

“ಎಷ್ಟು ಬಾಕಿ ಅಂತ ಇದೆಯಾ?”

“ಇಲ್ಲ.”

“ಅದನ್ನ ಕೇಳ್ಬೇಕಿತ್ತು ಕಣೇ,” ಎಂದಳು. ದೆಹಲಿ ಬಿಟ್ಟದ್ದಕ್ಕೆ ಅವಳು ಬೇಸರಪಟ್ಟದ್ದನ್ನು ನಾನು ಕೇಳಿದ್ದು ಆಗ ಮಾತ್ರ.