ರೆಕ್ಕೆಯಡಿಯ ಬೆಳ್ಳಿ

ಗಂಗಕ್ಕ, ಆ ವಿಮಾನ ಕೆಟ್ಟದ್ದು ನಿನ್ನ ಕೈಯಿಂದಲ್ಲ. ಕೆಡಿಸಿದವಳು ನಾನು. ಗೊತ್ತಿದ್ದೂ ಗೊತ್ತಿದ್ದೂ ಕೆಡಿಸಿದೆ — ಕೆಡಿಸಿದ ಮೇಲೆ ಎಲ್ಲರೆದುರು ತಪ್ಪನ್ನು ನಿನ್ನ ಕೈಯ ಮೇಲೆ ಹೊರಿಸಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುತ್ತಾ ಹೋದಂತೆ ನನ್ನ ನಾಲಿಗೆ ಮೆಲ್ಲಗೆ ನನ್ನ ಪರ ವಾದಕ್ಕೆ ನಿಂತೀತು. ನಿಲ್ಲುತ್ತದೆ, ಅದರ ಚಾಳಿ ನನಗೆ ಗೊತ್ತು. ಆಗ ಈ ಮೊದಲ ಮಾತನ್ನೇ ಗಟ್ಟಿಯಾಗಿ ಹಿಡಿದುಕೊ.

ನಾನು ಸಿರಾದಿಂದ ಮಧುಗಿರಿಯ ಆ ಮನೆಗೆ ಕಿರಿಸೊಸೆಯಾಗಿ ಬಂದಾಗ ನೀನಾಗಲೇ ಅಲ್ಲಿ ಬೇರುಬಿಟ್ಟ ಹಿರಿಸೊಸೆ. ಪಾವಗಡದ ಹೆಣ್ಣು, ಅರ್ಧ ತೆಲುಗು ಮಾತು, ಇಬ್ಬರು ಗಂಡುಮಕ್ಕಳ ತಾಯಿ. ನಾನು ಅಂಗಳಕ್ಕೆ ಕಾಲಿಟ್ಟ ವಾರದಲ್ಲೇ ಕೇಳಿದ ಮಾತು — "ಗಂಗನ ಕೈಲಿ ಹಾಕ್ಸಿ, ಅವಳ ಕೈಗುಣ ಒಳ್ಳೇದು." ಉಪ್ಪಿನಕಾಯಿ ಜಾಡಿಗೆ ಮೊದಲ ಕೈ ನಿನ್ನದು. ಹಾಲಿಗೆ ಹೆಪ್ಪು ಹಾಕುವುದು ನೀನು. ಬೀದಿಯ ಕೊನೆಯ ಮನೆಯವರು ಸೋರೆ ಬೀಜ ತಂದು ನಿನ್ನ ಕೈಯಲ್ಲಿ ಮಣ್ಣಿಗೆ ಊರಿಸಿಕೊಂಡು ಹೋಗುತ್ತಿದ್ದರು. ಮದುವೆ ಮನೆಗಳಲ್ಲಿ ಮೊದಲ ಅರಿಶಿನಕ್ಕೆ ನಿನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ನಾನು ಹಾಕಿದ ಹೆಪ್ಪು ಒಂದು ಸಲ ಎಳೆಎಳೆಯಾಗಿ ಬಂತು ನೋಡು — ಅತ್ತೆ ಬೈಯಲಿಲ್ಲ. ಪಾತ್ರೆಯನ್ನು ಸುಮ್ಮನೆ ನಿನ್ನ ಕಡೆಗೆ ಸರಿಸಿದರು. ಬೈದಿದ್ದರೆ ವಾಸಿಯಿತ್ತು.

ಹೊಟ್ಟೆಕಿಚ್ಚು ಅಂತ ಆಗ ಅದಕ್ಕೆ ಹೆಸರಿಡಲಿಲ್ಲ. ಅತ್ತೆ ಪಕ್ಷಪಾತಿ ಅಂದುಕೊಂಡೆ, ನೀನು ನಾಟಕದವಳು ಅಂದುಕೊಂಡೆ. ನೀನು ನನ್ನ ಜಡೆ ಹೆಣೆಯುವಾಗಲೂ, ತಲೆಗೆ ಎಣ್ಣೆ ಒತ್ತುವಾಗಲೂ, ನನ್ನ ಗಮನವೆಲ್ಲ ಆ ಬೆರಳುಗಳ ಮೇಲೇ — ಇವುಗಳಲ್ಲಿ ಅಂಥದ್ದೇನಿದೆ, ನನ್ನವುಗಳಲ್ಲಿ ಏನಿಲ್ಲ ಅಂತ.

ಆ ಮನೆಯಲ್ಲಿ ನನಗೂ ಒಂದು ಹೆಮ್ಮೆ ಇತ್ತು. ಒಂದೇ ಒಂದು. ಅದು ಬಣ್ಣ. ಸಿರಾದಲ್ಲಿ ನಮ್ಮಪ್ಪನದು ಬಣ್ಣ, ವಾರ್ನಿಷಿನ ಅಂಗಡಿ; ಪಕ್ಕದ್ದೇ ಖಾದರ್ ಸಾಬರ ಟ್ರಂಕಿನ ಅಂಗಡಿ. ಅವರು ತಗಡಿನ ಟ್ರಂಕಿಗೆ ಬೆಳ್ಳಿ ಬಣ್ಣ ಬಳಿದು, ಮೇಲೆ ಗುಲಾಬಿ ಬರೆಯುವುದನ್ನು ನೋಡುತ್ತಲೇ ನಾನು ಬೆಳೆದೆ. ಗುಲಾಬಿಗೆ ವಾರ್ನಿಷ್ ಹಚ್ಚುವಾಗ ಅವರು ಉಸಿರು ಬಿಗಿಹಿಡಿದು, ಬೆಳ್ಳಿಗೆ ತಾಗದ ಹಾಗೆ ಅಂಚಿನಲ್ಲೇ ಕುಂಚ ತಿರುಗಿಸುತ್ತಿದ್ದರು. "ನೋಡು ಬೇಟಿ, ಚಾಂದಿ ಮ್ಯಾಲೆ ವಾರ್ನಿಷ್ ಬಿತ್ತು ಅಂದ್ರೆ ಅದ್ರ ಜೀವ ಹೋಯ್ತು," ಅನ್ನುತ್ತಿದ್ದರು. ಒಮ್ಮೆ ಒಂದು ಹನಿ ಬಿದ್ದು, ಆ ಜಾಗ ಮರುದಿನಕ್ಕೆ ಬೂದಿ ಕಲೆಸಿದ ನೀರಿನಂತೆ ಮಂಕಾಗಿ, ಆಮೇಲೆ ಹಳದಿಗೆ ತಿರುಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಗೊತ್ತಿರಲಿಲ್ಲ ಅನ್ನುವ ದಾರಿ ನನಗಿಲ್ಲ ಅಂತ ತಿಳಿಯಲಿ ಎಂದೇ ಇದನ್ನು ಹೇಳುತ್ತಿದ್ದೇನೆ.

ಆ ವರ್ಷದ ದಸರಾಕ್ಕೆ ನಿನ್ನ ತಮ್ಮ ವೆಂಕಟೇಶ ರಜೆಯ ಮೇಲೆ ಬರುವವನಿದ್ದ. ವಾಯುಪಡೆಯಲ್ಲಿ ವಿಮಾನ ರಿಪೇರಿಯ ಕೆಲಸ ಅವನದು. ಹಿಂದಿನ ಸಲ ಬಂದಾಗ ಡಕೋಟಾ ವಿಮಾನದ ಮುಂದೆ ನಿಂತು ತೆಗೆಸಿಕೊಂಡ ಪಟವೊಂದನ್ನು ನಿನಗೆ ಕೊಟ್ಟು ಹೋಗಿದ್ದ. ನೀನು ಅದನ್ನು ದೇವರ ಗೂಡಿನ ಪಕ್ಕ ಸಿಕ್ಕಿಸಿದ್ದೆ. ಈ ಸಲ ನಮ್ಮ ಗೊಂಬೆಗಳ ಜೊತೆ ಮೇಲಿನ ಮೆಟ್ಟಿಲಲ್ಲಿ ಒಂದು ಡಕೋಟಾ ಕೂರಬೇಕು, ಅವನು ಬಾಗಿಲಿಂದಲೇ ಅದನ್ನು ನೋಡಿ ಗುರುತು ಹಿಡಿಯಬೇಕು — ಅಷ್ಟೇ ನಿನ್ನ ಆಸೆ. ತಾಯಿಯಿಲ್ಲದ ಆ ಹುಡುಗನನ್ನು ಸಾಕಿದವಳೇ ನೀನು. ಬಡಗಿಯ ಕೈಲಿ ಹಗುರ ಮರದಲ್ಲಿ ಮೈ, ರೆಕ್ಕೆ ಕೆತ್ತಿಸಿ ತಂದು ನನ್ನ ಮುಂದಿಟ್ಟೆ.

"ಬಣ್ಣದ ವಿಸ್ಯ ನಂಗೇನು ಗೊತ್ತು? ಇದ್ರಲ್ಲಿ ನೀನೇ ಗುರು ಕಣೇ ರಾಜಿ," ಅಂದೆ.

ಆ ಮಾತಿಗೆ ನಾನು ಎಷ್ಟು ಉಬ್ಬಿದೆ! ನಿಜ ಹೇಳುತ್ತೇನೆ, ಮೊದಮೊದಲು ನಾನು ನಿನಗೆ ಸರಿಯಾದದ್ದನ್ನೇ ಕಲಿಸಿದೆ. ಗೋಂದಿನಲ್ಲಿ ಸೀಮೆಸುಣ್ಣದ ಪುಡಿ ಕಲಸಿ ಮರದ ಗೀರುಗಳನ್ನು ಮುಚ್ಚಿಸಿದೆ. ಉಪ್ಪುಕಾಗದದಲ್ಲಿ ಮತ್ತೆ ಮತ್ತೆ ಉಜ್ಜಿಸಿದೆ. ಬೆಳ್ಳಿ ಬಣ್ಣ ಏನನ್ನೂ ಮುಚ್ಚುವುದಿಲ್ಲ, ಕೂದಲೆಳೆಯಷ್ಟು ಗೀರಿದ್ದರೂ ಚಾಡಿ ಹೇಳುತ್ತದೆ ಅಂದೆ. ಬೆಳ್ಳಿಯ ಕೆಳಗೆ ಮೊದಲು ಕಪ್ಪು ಬಣ್ಣ ಬಳಿಸಿದೆ. ಕಪ್ಪಿನ ಮೇಲೆ ಕೂತರೇ ಬೆಳ್ಳಿಗೆ ಕಳೆ. ಅಪ್ಪನ ಅಂಗಡಿಯಿಂದ ತರಿಸಿದ ಬೆಳ್ಳಿ ಪುಡಿಯನ್ನು ಅಂದಂದಿಗೆ ಬೇಕಾದಷ್ಟೇ ಕಲಸಿ, ಒಂದೇ ದಿಕ್ಕಿಗೆ, ಎತ್ತದೆ, ತಿದ್ದದೆ ಬಳಿಯುವುದನ್ನು ತೋರಿಸಿದೆ. ನೀನು ಚಿಕ್ಕ ಹುಡುಗಿಯ ಹಾಗೆ ತಲೆಯಾಡಿಸುತ್ತಿದ್ದೆ. ಆ ನಾಲ್ಕಾರು ದಿನ ನಾನು ಆ ಮನೆಯಲ್ಲಿ ಸುಖವಾಗಿದ್ದೆ ಅಕ್ಕ.

ಆಮೇಲೆ ಆ ಮಧ್ಯಾಹ್ನ ಬಂತು. ನಾನು ಮುಸುರೆ ತೊಳೆದು ಪಡಸಾಲೆಗೆ ಬಂದರೆ ನೀನು ಪಟವನ್ನು ತೊಡೆಯ ಮೇಲಿಟ್ಟುಕೊಂಡು, ವಿಮಾನದ ಮೈಯನ್ನು ಬೆರಳಲ್ಲಿ ಉಜ್ಜುತ್ತಿದ್ದೆ. ಕಲಸದ ಒಣಪುಡಿಯನ್ನು ತೋರುಬೆರಳ ತುದಿಗೆ ಮುಟ್ಟಿಸಿಕೊಂಡು — ಇಲ್ಲಿ ಸ್ವಲ್ಪ, ಅಲ್ಲಿ ಇನ್ನೊಂದು ಚೂರು.

"ಪಟ ನೋಡೇ ರಾಜಿ. ವಿಮಾನ ಎಲ್ಲಾ ಕಡೆ ಒಂದೇ ತರ ಮಿಂಚಲ್ಲ. ಒಂದೊಂದು ತಗಡಿಗೆ ಒಂದೊಂದು ಹೊಳಪು. ಅದ್ಕೇ ಇಂಗೆ ಬಿಡಿಬಿಡಿಯಾಗಿ ಉಜ್ಜಿದ್ರೆ ಹೆಂಗೆ ಅಂತ..."

ನೋಡಿದೆ. ಅದು ಮರವಾಗಿರಲಿಲ್ಲ. ತಗಡಿಗೆ ತಗಡು ಜೋಡಿಸಿ ಮೊಳೆ ಹೊಡೆದ ಹಾಗಿತ್ತು. ಒಂದು ತುಂಡು ಕನ್ನಡಿಯಷ್ಟು ಬೆಳ್ಳಗೆ, ಪಕ್ಕದ್ದು ಮೋಡದಷ್ಟು ಮಂದ. ಖಾದರ್ ಸಾಬರಿಗೂ ಹೊಳೆಯದ ಉಪಾಯ, ಬಣ್ಣದಂಗಡಿಯ ಮಗಳಿಗೂ ಹೊಳೆಯದ ಉಪಾಯ. ನಿನಗೆ — ಮೊನ್ನೆ ಮೊನ್ನೆ ಕುಂಚ ಹಿಡಿದವಳಿಗೆ! ನನಗಿದ್ದ ಒಂದೇ ಒಂದು ಮೂಲೆಗೂ ನೀನು ಬಂದು ಕೂತಿದ್ದೆ. ಅದೂ ಆ ಬೆರಳುಗಳಿಂದಲೇ. ಅತ್ತೆ ಒಳಗಿಂದ ಬಂದವರು ಕನ್ನಡಕ ಏರಿಸಿ ನೋಡಿ, "ಅದೇ ಹೇಳೋದು, ಇವ್ಳು ಮುಟ್ಟಿದ್ದೆಲ್ಲ..." ಅಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಗಲೇ ನೀನು ಕೇಳಿದೆ. ಪುಡಿ ಬೆರಳಿಗೆ ಅಂಟಿ ಬರುತ್ತಿದೆ, ಗೊಂಬೆ ನೋಡಲು ಬರುವ ಮಕ್ಕಳು ಮುಟ್ಟದೆ ಬಿಡುವುದಿಲ್ಲ, ವೆಂಕಟೇಶ ಬರುವಷ್ಟರಲ್ಲಿ ಅಳಿಸಿಹೋದೀತು ಅನ್ನುವ ಭಯ ನಿನಗೆ.

"ಮ್ಯಾಲೊಂದು ಕೋಟು ವಾರ್ನಿಷ್ ಬಳಿದ್ಬುಡ್ಲೇನೆ ರಾಜಿ?"

ಬೇಡ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಬೇಡ ಅಕ್ಕ, ಮೇಲಿನ ಮೆಟ್ಟಿಲಲ್ಲಿಡೋಣ, ಮಕ್ಕಳ ಕೈಗೆ ಎಟುಕದ ಹಾಗೆ — ಇಷ್ಟು ಸಾಕಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ನಾನು ಅಂದದ್ದು ಬೇರೆ.

"ಬಳಿಯಕ್ಕ. ಬಳಿದ್ರೆ ಇನ್ನೂ ಮಿಂಚುತ್ತೆ."

ಅಷ್ಟಕ್ಕೇ ಬಿಡಲಿಲ್ಲ. ಬಾಗಿಲುಗಳಿಗೆ ಬಳಿದು ಉಳಿದಿದ್ದ ವಾರ್ನಿಷಿನ ಡಬ್ಬವನ್ನು ಅಟ್ಟದಿಂದ ನಾನೇ ಇಳಿಸಿ, ಮುಚ್ಚಳ ತೆಗೆದು, ಕುಂಚ ತೊಳೆದು ನಿನ್ನ ಕೈಗಿಟ್ಟೆ. ನೀನು ರೆಕ್ಕೆಯ ಅಡಿಗೆ ಹೆಬ್ಬೆರಳು ಒತ್ತಿ ಹಿಡಿದು, ಎಷ್ಟು ಜತನದಿಂದ ಬಳಿದೆ — ನಾನು ಕಂಬಕ್ಕೊರಗಿ ನೋಡುತ್ತಾ ನಿಂತಿದ್ದೆ.

ಬೆಳಿಗ್ಗೆ ನಿನ್ನ ಕೂಗು ಕೇಳಿತು. ಗಾಬರಿಯಾದಾಗ ನಿನಗೆ ತೆಲುಗೇ ಬರುತ್ತಿತ್ತು. "ಏಮಾಯೆನೇ ದೀನಿಕಿ?" — ಏನಾಯ್ತೇ ಇದಕ್ಕೆ? ಉಜ್ಜಿದ ಪುಡಿಯೆಲ್ಲ ವಾರ್ನಿಷಿನಲ್ಲಿ ತೇಲಿ ಗೀಟುಗೀಟಾಗಿ ಹರಿದಿತ್ತು. ಹೊಳಪು ಅನ್ನುವುದು ಎಲ್ಲೂ ಇಲ್ಲ. ಮೈಯೆಲ್ಲ ಕಂದು ಬೂದಿ, ತುದಿಗಳಲ್ಲಿ ಬೆಲ್ಲದ ನೀರಿನ ಬಣ್ಣ. ಮತ್ತೆ ಬಳಿಯಲು ಹೊತ್ತಿರಲಿಲ್ಲ, ಒಣಗಿಯೂ ಇರಲಿಲ್ಲ. ಆವತ್ತೇ ಗೊಂಬೆ ಕೂರಿಸುವ ದಿನ, ಮಧ್ಯಾಹ್ನದ ಬಸ್ಸಿಗೆ ವೆಂಕಟೇಶ ಬಂದ.

ಅವನು ಪಾಪ, ನಗುತ್ತಲೇ ಅಂದ. "ಇದೇನಕ್ಕ, ಗುಜರಿಗೆ ಹಾಕೋ ವಿಮಾನ ತಂದು ಕೂರ್ಸಿದ್ದೀಯ?" ಬೀದಿಯ ಹೆಂಗಸರೆಲ್ಲ ಇದ್ದರು, ಎಲ್ಲರೂ ನಕ್ಕರು. ನೀನೂ ನಕ್ಕೆ. ನಕ್ಕು, ನನ್ನ ಕಡೆ ನೋಡಿದೆ. ಅದು ದೂರಿನ ನೋಟವಾಗಿರಲಿಲ್ಲ ಅಕ್ಕ, ಸಹಾಯ ಕೇಳುವ ನೋಟ. ಗುರು ನಾನಲ್ಲವೇ, ಏನಾಯಿತೆಂದು ನಾನು ಹೇಳುತ್ತೇನೆ ಅಂತ ನೀನು ಕಾದೆ.

ಅತ್ತೆಯೂ ನನ್ನನ್ನೇ ಕೇಳಿದರು. ನಾನು ಹೇಳಿದೆ —

"ನಮ್ಮ ತೌರ್ನಲ್ಲಿ ಎಷ್ಟು ಟ್ರಂಕಿಗೆ ವಾರ್ನಿಷ್ ಬಳಿದವ್ರೆ ಅತ್ತೆ, ಒಂದೂ ಇಂಗಾಗಿಲ್ಲ. ಅಕ್ಕನ ಕೈಗುಣ ಯಾಕೋ ಈ ಸಲ..."

ಮುಗಿಸಲಿಲ್ಲ. ಅದೇ ನನ್ನ ಜಾಣತನ. ಉಳಿದದ್ದನ್ನು ಅಲ್ಲಿದ್ದ ಹೆಂಗಸರು ತಮ್ಮ ತಮ್ಮ ಮನೆಗೆ ಹೋಗಿ ಮುಗಿಸಿಕೊಂಡರು. ಆ ವರ್ಷ ನೀನು ಗೊಂಬೆಯ ತೋಟಕ್ಕೆ ಚೆಲ್ಲಿದ್ದ ರಾಗಿ ಪೈರು ನೀರು ಹೆಚ್ಚಾಗಿ ಕೊಳೆಯಿತು. ಒಂದು ಜಾಡಿ ನಿಂಬೆಕಾಯಿಗೆ ಬೂಜು ಬಂತು. ಮುಂಚೆಯೂ ಬಂದಿರಬಹುದು, ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ಹಿಡಿದರು. ಮುಂದಿನ ಬೇಸಿಗೆಗೆ ಅತ್ತೆ ಮಾವಿನಕಾಯಿ ಜಾಡಿಯನ್ನು ನನ್ನ ಕಡೆ ಸರಿಸಿದರು. ನಾನು ಕೈ ಹಾಕಿದೆ. ಅದು ಕೆಡಲಿಲ್ಲ. ಆಗ ನನಗಾದ ಖುಷಿಯನ್ನು ಮುಚ್ಚಿಟ್ಟರೆ ಈ ತಪ್ಪೊಪ್ಪಿಗೆಗೆ ಅರ್ಥವಿಲ್ಲ — ತುಂಬಾ ಖುಷಿಯಾಯಿತು.

ಬೇರೆಯವರು ನಂಬಿದರೆ ನಂಬಲಿ, ನೀನೇ ನಂಬಿಬಿಟ್ಟೆಯಲ್ಲ. ಬಣ್ಣದ ವಿಷಯದಲ್ಲಿ ನಾನು ಸುಳ್ಳು ಹೇಳಿಯೇನು ಅನ್ನುವುದು ನಿನ್ನ ತಲೆಗೇ ಬರಲಿಲ್ಲ. ನಿನ್ನ ಕೈಗಳು ಸೆರಗಿನೊಳಗೆ ಸೇರಿದ್ದು ಆಗಿನಿಂದ. ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮನೆಯ ಹಿರಿಸೊಸೆಯೇ ಹಾಕಬೇಕು ಅಂತ ಎಲ್ಲರೂ ಕಾದಿದ್ದರೆ ನೀನು ಬಾಗಿಲ ಪಕ್ಕ ಸೆರಗಲ್ಲಿ ಕೈ ಸುತ್ತಿಕೊಂಡು ನಿಂತೆ. "ನನ್ನ ಕೈ ಬ್ಯಾಡ ಕಣೇ, ಕೂಸು ನೂರ್ಕಾಲ ಬಾಳ್ಲಿ," ಅಂದೆ. ಬಾಣಂತಿ ನಾನು, ಕೂಸು ನನ್ನ ಮಡಿಲಲ್ಲೇ ಇತ್ತು. ಆಗಲಾದರೂ ಹೇಳಬಹುದಿತ್ತು. ಕೂಸನ್ನು ಬೇರೆಯವರ ಕೈಗೆ ಕೊಟ್ಟೆ.

ಇನ್ನೂ ಒಂದಿದೆ. ಆ ದಸರಾ ಮುಗಿದು ಗೊಂಬೆಗಳನ್ನು ಪೆಟ್ಟಿಗೆಗೆ ತುಂಬಿದವಳು ನಾನು. ವಿಮಾನವನ್ನು ಮಗುಚಿದಾಗ ರೆಕ್ಕೆಯ ಅಡಿಯಲ್ಲಿ ಏನೋ ಫಳಕ್ ಅಂದಿತು. ನೀನು ಹೆಬ್ಬೆರಳು ಒತ್ತಿ ಹಿಡಿದಿದ್ದ ಜಾಗ. ಅಲ್ಲಿಗೆ ವಾರ್ನಿಷ್ ತಾಗಿರಲಿಲ್ಲ. ಅಷ್ಟೇ ಅಷ್ಟು, ಹೆಬ್ಬೆರಳಿನಗಲ, ನೀನು ಉಜ್ಜಿದ ಬೆಳ್ಳಿ ಉಜ್ಜಿದ ಹಾಗೇ ಉಳಿದಿತ್ತು. ಇದನ್ನೊಂದು ನಿನಗೆ ತೋರಿಸಿದ್ದರೆ ಕೆಟ್ಟದ್ದು ಯಾವುದರಿಂದ ಅಂತ ಅರೆಗಳಿಗೆಯಲ್ಲಿ ತಿಳಿಯುತ್ತಿತ್ತು. ಬಟ್ಟೆ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಮನೆ ಪಾಲಾಗಿ ನಾವು ಕೊರಟಗೆರೆಗೆ ಬರುವಾಗ ಅದನ್ನು ನನ್ನ ಜೊತೆ ತಂದುಬಿಟ್ಟೆ. "ಆ ಕೆಟ್ಟ ವಿಮಾನ ಯಾಕೇ ನಿಂಗೆ?" ಅಂತ ನೀನು ಕೇಳಿದೆ, ನೆನಪಿದೆಯಾ? ನೆನಪಿಗಿರಲಿ ಅಂದೆ. ನಿಜವಾಗಿ, ಅದನ್ನು ಅಲ್ಲಿ ಯಾರಾದರೂ ಮಗುಚಿ ನೋಡಿಯಾರು ಅನ್ನುವ ದಿಗಿಲು. ಇಷ್ಟು ವರ್ಷಗಳಲ್ಲಿ ಎಷ್ಟೋ ಸಲ ತೆಗೆದು ನೋಡಿದ್ದೇನೆ. ಆ ಬೆಳ್ಳಿಯ ಮೇಲೆ ನನ್ನ ಹೆಬ್ಬೆರಳಿಟ್ಟೂ ನೋಡಿದ್ದೇನೆ. ಕೂರುವುದಿಲ್ಲ. ಇಂಥದ್ದಕ್ಕೂ ಹೊಟ್ಟೆ ಉರಿಯುತ್ತದೆ ನನಗೆ, ಈಗಲೂ.

ನಿನ್ನೆ ನಮ್ಮವರು ಮಧುಗಿರಿಯಿಂದ ಬಂದರು. ನಿನ್ನ ದೊಡ್ಡ ಮಗ ಶಿವಣ್ಣನಿಗೆ ಮದುವೆ ಗೊತ್ತಾಗಿದೆ ಅಂದರು. ಜೊತೆಗೆ ನೀನು ಹೇಳಿಕಳಿಸಿದ ಮಾತನ್ನೂ ಹೇಳಿದರು. ಚಪ್ಪರದ ದಿನ ಶಿವಣ್ಣನಿಗೆ ಮೊದಲ ಅರಿಶಿನ ರಾಜಿಯೇ ಹಚ್ಚಬೇಕಂತೆ — "ನಂದು ಬ್ಯಾಡ, ಅವಳ ಕೈಗುಣ ಒಳ್ಳೇದು." ಹೆತ್ತ ಮಗನಿಗೆ ಅರಿಶಿನ ಹಚ್ಚಲು ನಿನಗೆ ನಿನ್ನ ಕೈಯ ಭಯ. ಆ ಭಯವನ್ನು ಕೊಟ್ಟವಳನ್ನೇ ಕರೆದು ಹಚ್ಚು ಅನ್ನುತ್ತಿದ್ದೀಯ. ಅನ್ನ ಬಡಿಸುತ್ತಿದ್ದವಳು ಸೌಟನ್ನು ಹಾಗೇ ಇಟ್ಟು ಹಿತ್ತಿಲಿಗೆ ಹೋದೆ. ಅಳು ಬರಲಿಲ್ಲ. ಬಂದಿದ್ದರೂ ಅದು ಯಾತರದ್ದು...

ನಾಳೆ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ, ಇಲ್ಲಿ ಒಬ್ಬಳೇ ಹೇಳಿಕೊಳ್ಳುತ್ತಿರುವುದನ್ನೆಲ್ಲ ನಿನ್ನೆದುರೇ ಹೇಳಲು. ವಿಮಾನ ಮಡಿಲಲ್ಲಿರುತ್ತದೆ. ಅತ್ತೆಯನ್ನು ಪಡಸಾಲೆಗೆ ಕರೆಸಿ ಕೂರಿಸುತ್ತೇನೆ. ಅಂದು ಗೊಂಬೆ ನೋಡಲು ಬಂದಿದ್ದವರಲ್ಲಿ ಯಾರು ಯಾರು ಬೀದಿಯಲ್ಲಿದ್ದಾರೋ ಅವರ ಮನೆಬಾಗಿಲಿಗೆ ನಾನೇ ಹೋಗಿ ಕರೆದು ತರುತ್ತೇನೆ. ಅವತ್ತು ಅರ್ಧಕ್ಕೆ ಬಿಟ್ಟ ಮಾತನ್ನು ಅವರೆದುರೇ ಮುಗಿಸುತ್ತೇನೆ. ವೆಂಕಟೇಶನಿಗೂ ಹೇಳುತ್ತೇನೆ.

ನೀನು ನನ್ನನ್ನು ಏನು ಬೇಕಾದರೂ ಅನ್ನು, ಅನ್ನದೆಯೂ ಇರು. ಆದರೆ ಮೊದಲು ಸೆರಗಿನಿಂದ ಕೈ ಹೊರಗೆ ತೆಗೆದು, ರೆಕ್ಕೆಯಡಿಯ ಆ ಬೆಳ್ಳಿಯ ಮೇಲೆ ನಿನ್ನ ಹೆಬ್ಬೆರಳನ್ನಿಡು. ಸರಿಯಾಗಿ ಕೂರುತ್ತದೆ. ಆಮೇಲೆ ಅದೇ ಕೈಯಲ್ಲಿ ನಿನ್ನ ಮಗನಿಗೆ ಅರಿಶಿನ ಹಚ್ಚು. ಹಚ್ಚುವಾಗ ನಾನು ಅಲ್ಲಿರಬಾರದು ಅಂತ ನಿನಗನಿಸಿದರೆ ಬೀದಿಯಲ್ಲಿ ನಿಂತಿರುತ್ತೇನೆ.