ಕೂಗಲಿಕ್ಕೊಂದು ಹೆಸರು

ತಾತನ ಹೆಸರು ಹೇಳಬೇಕಾಗಿ ಬಂದಾಗಲೆಲ್ಲ ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಎಡಗೆನ್ನೆಗೆ ಒತ್ತರಿಸಿ, ತುಟಿ ಬಿಗಿದು, ಗಲ್ಲ ಮೇಲೆತ್ತಿ ಗೋಡೆಯ ಫೋಟೋ ತೋರಿಸುತ್ತಿದ್ದಳು. ಓಟಿನ ಪಟ್ಟಿಯವರು ಬಂದರೂ ಅಷ್ಟೇ, ಆಸ್ಪತ್ರೆಯಿಂದ ಮನೆಗೆ ಬಂದು ಚೀಟಿ ಬರೆಯುವವರು ಕೇಳಿದರೂ ಅಷ್ಟೇ. ಮನೆಯ ಮಕ್ಕಳು ಯಾರಾದರೂ ಓಡಿಬಂದು ಹೆಸರು ಹೇಳಬೇಕು. ನೆಂಟರೆಲ್ಲ ಇದಕ್ಕೆ ಒಂದೇ ಕಥೆ ಕಟ್ಟಿದ್ದಾರೆ. ಹಳೇ ಕಾಲದ ಹೆಂಗಸು, ಗಂಡನೆಂದರೆ ಅಷ್ಟು ಭಯಭಕ್ತಿ, ಬದುಕಿನಲ್ಲಿ ಒಂದು ಸಲವೂ ಆ ಹೆಸರನ್ನು ಬಾಯಿಗೆ ತರಲಿಲ್ಲ. ಅಜ್ಜಿಯ ತಿಥಿಯ ದಿನವೂ ಇದನ್ನೇ ಹೇಳಿ ಕಣ್ಣೊರೆಸಿಕೊಂಡರು.

ನಾನು ಈ ಕಥೆಯನ್ನು ಒಪ್ಪುವುದಿಲ್ಲ. ಮೊದಲನೆಯದು, ಭಯ. ತಾತ ನಿಡಘಟ್ಟದಲ್ಲಿ ಬಸ್ಸು ನಿಲ್ಲಿಸದ ಕಂಡಕ್ಟರನ ಮೇಲೆ ಹರಿಹಾಯ್ದದ್ದನ್ನು ಅಜ್ಜಿ ಹೆಗಲಿಗೆ ಟವೆಲ್ಲು ಹಾಕಿಕೊಂಡು, ತಾತನ ಕೆಮ್ಮಿನ ಸಮೇತ ಆಡಿ ತೋರಿಸುತ್ತಿದ್ದಳು. ಹೆದರುವವರು ಹಾಗೆ ಅಣಕಿಸುವುದಿಲ್ಲ. ಎರಡನೆಯದು, ಆ 'ಒಂದು ಸಲವೂ' ಎಂಬ ಮಾತು. ನನ್ನ ನಿಜವಾದ ತಕರಾರು ಇರುವುದು ಅಲ್ಲಿ.

ತಕರಾರು ಎನ್ನುವುದು ನನಗೆ ಬಂದದ್ದೇ ಅಜ್ಜಿಯಿಂದ. ಮಂಡ್ಯದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಮೊದಲ ಕಪ್ಪು ತಂದಾಗ ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಜಗಳ ಆಡಿದ್ದಕ್ಕೂ ಬಹುಮಾನ ಕೊಡುತ್ತಾರಾ ಎಂದು ಕೇಳಿದಳು. "ಅಂಗಾದ್ರೆ ನಂಗೆ ಒಂದ್ ಲಾರಿ ತುಂಬ ಬರ್ಬೇಕಾಗಿತ್ತು ಕಣಮ್ಮಿ." ಆಮೇಲೆ ಅದರಲ್ಲಿ ಬಿತ್ತನೆ ಅವರೆ ತುಂಬಿ ಅಟ್ಟದ ಮೇಲಿಟ್ಟಳು. ಅವಳ ಗಂಟಲು ಎಂಥದೆಂದರೆ, ಹಿತ್ತಲಲ್ಲಿ ನಿಂತು ಕೂಗಿದರೆ ನಾಲೆಯಾಚೆಯ ಗದ್ದೆಯಲ್ಲಿದ್ದ ಎಮ್ಮೆ ತಲೆಯೆತ್ತುತ್ತಿತ್ತು.

ಮದ್ದೂರು ತಾಲ್ಲೂಕಿನ ನಮ್ಮ ಊರಲ್ಲಿ, ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಮೊದಲ ಮೊಮ್ಮಗನಿಗೆ ಅವನ ತಾತನ ಹೆಸರು. ತಾತ ಬದುಕಿದ್ದರೂ ಸರಿ. ಹೀಗಾಗಿ ನನ್ನ ಅಣ್ಣನಿಗೆ ತಾತನ ಹೆಸರಿಟ್ಟರು. ಅದರ ಫಲ ನೋಡಿ: ಗಂಡನ ಹೆಸರು ಹೇಳಬಾರದೆಂದು ಅಜ್ಜಿ, ಮಾವನ ಹೆಸರು ಹೇಳಬಾರದೆಂದು ಅಮ್ಮ, ಇಬ್ಬರೂ ಆ ಮಗುವನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಎತ್ತಿ ಆಡಿಸಿದವರು ಅವರು, ಉಣ್ಣಿಸಿದವರು ಅವರು. ಕರೆಯುವಾಗ ಮಾತ್ರ 'ಮಗಾ', 'ಕೂಸೇ'. ಊರಲ್ಲಿ ಯಾರು ಮಗನಲ್ಲ, ಯಾರು ಕೂಸಲ್ಲ?

ಅಣ್ಣ ಇನ್ನೂ ಸ್ಕೂಲಿಗೆ ಸೇರುವ ಮುಂಚೆ ನಾಲೆಯಲ್ಲಿ ನಡೆದದ್ದನ್ನು ಮನೆಯವರು ಪವಾಡವೆಂದೇ ಹೇಳುತ್ತಾರೆ. ನೀರಿನ ಮೇಲಕ್ಕೆ ಬಾಗಿದ್ದ ಜಾಲಿಮರದಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದವು. ಒಂದು ಗೂಡು ಕೀಳಬೇಕೆಂದು ಅಣ್ಣ ಹುಡುಗರ ಗುಂಪು ಬಿಟ್ಟು ದಂಡೆಯ ತುದಿಗೆ ಓಡಿದ. ಆ ದಂಡೆಯನ್ನು ಒಳಗಿಂದ ನೀರು ಕೊರೆದಿತ್ತು. ಅಜ್ಜಿ ದೂರದಲ್ಲಿ, ನಾಲೆಗಿಳಿಯುವ ಸೋಪಾನದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಗಾ, ಮಗಾ ಎಂದು ಕೂಗಿಕೊಂಡಳು. ಗುಂಪಿನಲ್ಲಿದ್ದ ಹುಡುಗರೆಲ್ಲ ತಿರುಗಿ ನೋಡಿದರು, ಅಣ್ಣನೊಬ್ಬ ನೋಡಲಿಲ್ಲ. ಆಗ ಯಾರೋ ಅವನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಕರೆದರು. ಅವನು ತಿರುಗಿ ಹಿಂದಕ್ಕೆ ಓಡಿಬಂದ. ಅವನ ಬೆನ್ನ ಹಿಂದೆಯೇ ದಂಡೆ ಕುಸಿದು ನೀರಿಗೆ ಬಿತ್ತು.

ಕರೆದವರು ಯಾರು? ತಾತನೂ ಅಪ್ಪನೂ ಅಂದು ಮಳವಳ್ಳಿಗೆ ಒಂದು ಸಂಬಂಧದ ಮಾತಿಗೆ ಹೋಗಿದ್ದರು. ಜೊತೆಯ ಹುಡುಗರು ಅಣ್ಣನನ್ನು 'ಲೇ' ಎನ್ನುತ್ತಿದ್ದರೇ ಹೊರತು ಅವರಿಗೆ ಅವನ ಪೂರ್ತಿ ಹೆಸರು ಗೊತ್ತಿರಲಿಲ್ಲ. ಮನೆದೇವರೇ ಕೂಗಿದ್ದೆಂದು ಅಪ್ಪ ತೀರ್ಮಾನಿಸಿ ಹರಕೆ ತೀರಿಸಿದ. ಅಜ್ಜಿಯೂ ಎಲ್ಲರಂತೆ ಆ ತೀರ್ಥ ತೆಗೆದುಕೊಂಡಳು. ನಾನು ಹುಟ್ಟಿದ್ದು ಆಮೇಲೆ. ಬುದ್ಧಿ ಬಂದಮೇಲೆ ಈ ಕಥೆಯ ಮೇಲೆ ನನಗೆ ಒಂದೇ ಅನುಮಾನ. ದೇವರಿಗೆ ಗಂಟಲಿರುತ್ತದೋ ಇಲ್ಲವೋ ಗೊತ್ತಿಲ್ಲ, ನಾಲೆಯಾಚೆ ಕೇಳುವ ಗಂಟಲು ನಮ್ಮ ಮನೆಯಲ್ಲೇ ಒಂದಿತ್ತಲ್ಲ?

ಹೋದ ವರ್ಷದ ಹಿಂದಿನ ವರ್ಷ ಅಣ್ಣನಿಗೆ ಗಂಡುಮಗು ಹುಟ್ಟಿತು. ಅತ್ತಿಗೆ ಬಸರಾಳಿನ ಕಡೆಯವಳು, ಮಂಡ್ಯದಲ್ಲಿ ನರ್ಸು. ರಜೆ ಮುಗಿದರೆ ಕೂಸು ಹಗಲೆಲ್ಲ ಅಮ್ಮನ ಹತ್ತಿರವೇ. ಪದ್ಧತಿಯ ಪ್ರಕಾರ ಈಗ ಅಪ್ಪನ ಸರದಿ. ಮೊಮ್ಮಗನಿಗೆ ತನ್ನ ಹೆಸರು ಎಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದ. ಅತ್ತಿಗೆ ಮೊಬೈಲಿನಲ್ಲಿ ಬೇರೆ ಹೆಸರು ಹುಡುಕುತ್ತಿದ್ದಳು. ಇಬ್ಬರಿಗೂ ಅಡ್ಡ ನಿಂತದ್ದು ಅಜ್ಜಿ. ಹೆತ್ತ ಮಗನ ಹೆಸರನ್ನೇ ಬೇಡವೆನ್ನುತ್ತಾಳೆ, ವಯಸ್ಸಾಯಿತು, ಅರಳುಮರಳು ಎಂದರು. ಅಪ್ಪ ಊಟ ಬಿಟ್ಟು ಜಗಲಿಯಲ್ಲಿ ಕೂತ.

ಅಜ್ಜಿ ನನ್ನನ್ನೂ ಅತ್ತಿಗೆಯನ್ನೂ ನಾಲೆಗೆ ಕರೆದುಕೊಂಡು ಹೋದಳು. ನನ್ನನ್ನು ಕಬ್ಬಿನ ಗದ್ದೆಯಾಚೆಗೆ ಅಟ್ಟಿ, ಅತ್ತಿಗೆ ಓದಿದ ಹೆಸರುಗಳನ್ನು ದಂಡೆಯ ಮೇಲೆ ನಿಂತು ಒಂದೊಂದಾಗಿ ಕೂಗಿದಳು. ವಿಹಾನ್ ಎಂಬುದು ನನಗೆ ತಲುಪುವಷ್ಟರಲ್ಲಿ ಬರೀ 'ಆನ್' ಆಗಿತ್ತು. ಶ್ರಿಯಾಂಶ್ ಎಂಬುದು ಯಾರೋ ಸೀನಿದಂತೆ ಕೇಳಿತು. ಆಮೇಲೆ ಕಬ್ಬಿನ ಗರಿಗಳ ಮೇಲಿಂದ ಒಂದು ಹೆಸರು ನೆಟ್ಟಗೆ ಬಂತು. "ಗೀಜಗಾ!"

ನಾನು ವಾಪಸು ಬಂದಾಗ ಅತ್ತಿಗೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಹಕ್ಕಿಯ ಹೆಸರನ್ನು ಮನುಷ್ಯರಿಗೆ ಯಾರಾದರೂ ಇಡುತ್ತಾರಾ ಎಂದು ನಾನು ವಾದ ಶುರುಮಾಡಿದೆ.

"ಇಡಲ್ಲ. ಅದ್ಕೇ ಬೇಕು," ಎಂದಳು ಅಜ್ಜಿ. "ಕೂಗುದ್ರೆ ಇವ್ನೊಬ್ನೇ ತಿರುಗ್ಬೇಕು, ಇನ್ನೊಬ್ಬ ತಿರುಗ್ಬಾರ್ದು."

ಅತ್ತಿಗೆ ಕೂಸಿಗೆ ಹಾಲು ಕುಡಿಸಲು ಮನೆಗೆ ಹೋದಳು. ನಾನು ಬಿಡಲಿಲ್ಲ. ಅಪ್ಪನ ಹೆಸರೂ ಒಳ್ಳೆಯದೇ, ಗಟ್ಟಿಯಾಗಿಯೇ ಕೇಳುತ್ತದೆ ಎಂದೆ. ಅಜ್ಜಿ ನನ್ನನ್ನೇ ನೋಡಿದಳು.

"ನಾಳೆ ನಿಮ್ಮವ್ವ ಈ ದಂಡೆ ಮ್ಯಾಲೆ ನಿಂತ್ಕಂಡು ಏನಂತ ಕೂಗ್ತಾಳೆ?"

"ಅಪ್ಪನ ಹೆಸರನ್ನೇ ಕೂಗ್ತಾಳೆ. ಕೂಗಿದ್ರೆ ಏನಾಗುತ್ತೆ?"

"ಗಂಡನ್ ಎಸ್ರು ಏಳುದ್ರೆ ಅವ್ನ್ ಆಯಸ್ಸು ಕಮ್ಮಿ ಆಯ್ತದೆ."

"ಅದಕ್ಕೆ ಆಧಾರ ಏನಜ್ಜಿ?"

ವೇದಿಕೆಯ ಮೇಲೆ ಎದುರಾಳಿಗಳನ್ನು ಬೀಳಿಸಲು ನಾನು ಕೇಳುವ ಪ್ರಶ್ನೆ ಅದು. ಅಜ್ಜಿ ಜಾಲಿಮರದ ಕಡೆ ತಿರುಗಿದಳು. ಎಲೆಯಡಿಕೆ ಎಡಗೆನ್ನೆಗೆ ಹೋಯಿತು.

"ಆ ವರ್ಸಾನೇ ಅಲ್ವಾ ನಿಮ್ ತಾತ ತೀರ್ಕಂಡಿದ್ದು," ಎಂದಳು.

ಯಾವ ವರ್ಷವೆಂದು ಕೇಳುವ ಅಗತ್ಯ ಬೀಳಲಿಲ್ಲ. ದಂಡೆ ಕುಸಿದ ವರ್ಷ. ಕೂಗಿದ್ದು ಅವಳೇ.

ನನ್ನ ಹತ್ತಿರ ಉತ್ತರವಿತ್ತು. ತಾತನಿಗೆ ಮೊದಲಿನಿಂದಲೂ ಎದೆನೋವಿತ್ತು, ಬೀಡಿ ಬಿಟ್ಟಿರಲಿಲ್ಲ. ಒಂದಾದ ಮೇಲೆ ಇನ್ನೊಂದು ನಡೆದರೆ ಮೊದಲನೆಯದೇ ಕಾರಣವಾಗುವುದಿಲ್ಲ. ಇದನ್ನೆಲ್ಲ ನಾನು ಎರಡೇ ನಿಮಿಷದಲ್ಲಿ ಸಾಧಿಸಬಹುದಿತ್ತು. ಆ ನಂಬಿಕೆ ಸುಳ್ಳೆಂದು ನನಗೆ ಗೊತ್ತು, ಇವತ್ತಿಗೂ ನಾನದನ್ನು ನಂಬುವುದಿಲ್ಲ. ಆದರೆ ಅವಳು ನಂಬಿದ್ದಳು, ಒಂದಿಷ್ಟೂ ಅನುಮಾನವಿಲ್ಲದೆ. ಹಾಗೆ ನಂಬಿಕೊಂಡೇ, ಒಂದು ಕಡೆ ಮೊಮ್ಮಗ, ಇನ್ನೊಂದು ಕಡೆ ಗಂಡ, ನಡುವೆ ಒಂದು ಹೆಸರು ಎಂಬಂಥ ಜಾಗದಲ್ಲಿ ನಿಂತು ಬಾಯಿ ತೆರೆದಿದ್ದಳು. ಆ ಪುಣ್ಯವನ್ನು ದೇವರಿಗೆ ಬಿಟ್ಟುಕೊಟ್ಟು, ಪಾಪವೆಂದುಕೊಂಡದ್ದನ್ನು ಮಾತ್ರ ಇಷ್ಟು ಕಾಲ ಇಟ್ಟುಕೊಂಡಿದ್ದಳು. ನಾನು ಗೆದ್ದ ವಾದಗಳಲ್ಲಿ ಸೋತಿದ್ದರೆ ನನಗೆ ಕೈತಪ್ಪುತ್ತಿದ್ದದ್ದು ಒಂದು ಕಪ್ಪು. ಅವಳ ಪಕ್ಕದಲ್ಲಿ ನಿಲ್ಲಲೂ ನನಗೆ ಸಂಕೋಚವಾಯಿತು.

ತೊಟ್ಟಿಲಲ್ಲಿರುವ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಕೆಲಸ, ಅಂದರೆ ನನ್ನದು. ಅಣ್ಣನನ್ನೂ ಅತ್ತಿಗೆಯನ್ನೂ ಮೊದಲೇ ಒಪ್ಪಿಸಿದ್ದೆ. ತಾತನ ಬಗ್ಗೆ ಅಜ್ಜಿ ಹೇಳಿದ್ದನ್ನು ಮಾತ್ರ ಅವರಿಗೆ ಹೇಳಲಿಲ್ಲ. ಅಪ್ಪ ಕೊನೆಯವರೆಗೂ ತನ್ನ ಹೆಸರೇ ಬರುತ್ತದೆಂದು ಕಾದಿದ್ದ. ನಾನು ಬಗ್ಗಿ ಗೀಜಗ ಎಂದೆ. ಅಪ್ಪ ಹೋಳಿಗೆ ಮುಟ್ಟದೆ ಎದ್ದುಹೋದ. ಅಜ್ಜಿ ಅವನ ಎಲೆಯ ಹೋಳಿಗೆಯನ್ನು ಮುಚ್ಚಿಟ್ಟು, ಸಂಜೆ ತಾನೇ ತಿನ್ನಿಸಿದಳು. ಏನು ಹೇಳಿದಳೋ ಗೊತ್ತಿಲ್ಲ. ಈಗ ಊರೊಳಗೆ ಆ ಹೆಸರನ್ನು ಎಲ್ಲರಿಗಿಂತ ಹೆಚ್ಚು ಸಲ ಕರೆಯುವವನು ಅಪ್ಪ.

ಕೂಸು ಓಡಾಡುವ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದಿದ್ದಳು. ಒಂದು ಮಧ್ಯಾಹ್ನ ನಾನು ಅವಳ ಕಾಲೊತ್ತುತ್ತಾ ಕೂತಿದ್ದೆ. ಹಿತ್ತಲಿಂದ, ನಾಲೆಯ ದಿಕ್ಕಿಗೆ, ಅಮ್ಮ ಗಂಟಲು ಹರಿಯುವಂತೆ ಕೂಗಿದಳು, "ಗೀಜಗಾ!" ಅಜ್ಜಿಯ ಪಾದ ನನ್ನ ಕೈಯಲ್ಲಿ ಬಿಗಿಯಾಯಿತು. ಅಷ್ಟರಲ್ಲಿ ಕೂಸಿನ ನಗು, ಅದನ್ನೆತ್ತಿಕೊಂಡ ಅಮ್ಮನ ಬೈಗುಳ, ಎರಡೂ ಒಟ್ಟಿಗೆ ಕೇಳಿದವು. ಪಾದ ಸಡಿಲವಾಯಿತು. ಅಜ್ಜಿ ಕಣ್ಣು ತೆರೆದು ಗೋಡೆಯ ಫೋಟೋ ನೋಡಿದಳು.

ಈಗ ಕೇಳದಿದ್ದರೆ ಎಂದೂ ಕೇಳಲಾರೆ ಎನ್ನಿಸಿ, ಅವಳ ಕಿವಿಯ ಹತ್ತಿರ ಬಗ್ಗಿದೆ.

"ಅಜ್ಜಿ, ಅವತ್ತು ಕೂಗೋಕೆ ಮುಂಚೆ ತಾತ ನೆನಪಾದ್ರಾ?"

"ನೆನ್ಪಾದ್ರು ಕಣಮ್ಮಿ," ಎಂದಳು ಅಜ್ಜಿ, ಫೋಟೋದಿಂದ ಕಣ್ಣು ತೆಗೆಯದೆ, "ನೆನ್ಪಾದ್ಮೇಲೇ ಕೂಗ್ದೆ."