ಕೈಯಲ್ಲಿದ್ದ ಬ್ರೇಕು

ಲಿವರ್ ಕಿತ್ತು ಕೈಗೆ ಬರಬಹುದಿತ್ತು. ಕಾಲಿಗೆ ಕಟ್ಟಿದ ಕ್ಯಾಲಿಪರಿನ ಕೊಂಡಿ ಸೀಟಿನ ಹೊಲಿಗೆಗೆ ಸಿಕ್ಕಿಕೊಳ್ಳಬಹುದಿತ್ತು. ಸೆರಗು ಬಾಗಿಲಿಗೆ ಸಿಕ್ಕಿ ಆಸ್ಟಿನ್ನಿನ ಬೀದಿಗಳಲ್ಲೆಲ್ಲ ಬಾವುಟದ ಹಾಗೆ ಹಾರಬಹುದಿತ್ತು. ಡ್ರೈವಿಂಗ್ ಪರೀಕ್ಷೆ ಮಾಡುವ ಅಧಿಕಾರಿ ನನ್ನ ಊರುಗೋಲುಗಳನ್ನು ನೋಡಿ, ಕಾರಿನೊಳಗೆ ಕೂರುವ ಶ್ರಮವನ್ನೂ ತೆಗೆದುಕೊಳ್ಳದೆ, ಮನೆಗೆ ಹೋಗಿ ಎನ್ನಬಹುದಿತ್ತು. ಮಳೆ ಬರಬಹುದಿತ್ತು. ಬರದಿದ್ದರೆ ಬಿಸಿಲಿಗೆ ಅಂಗೈ ಬೆವರಿ ಹಿಡಿ ಜಾರಬಹುದಿತ್ತು.

ಇಷ್ಟೂ ನೆನಪಾದದ್ದು ರಬ್ಬರಿನ ವಾಸನೆಯಿಂದ. ಇವತ್ತು ಬೆಳಿಗ್ಗೆ ಕ್ಲಿಯರ್ ಲೇಕಿನ ಗ್ಯಾರೇಜಿನಲ್ಲಿ ನನ್ನ ಹೊಸ ಕಾರಿಗೆ ಕೈಲಿವರ್ ಕೂಡಿಸಿ ಕೊಟ್ಟರು. ಹೊಸ ಹಿಡಿಯ ವಾಸನೆ ಅಂಗೈಗೆ ಅಂಟಿತು, ಮೂಸಿ ನೋಡಿದೆ. ಐವತ್ತರ ಹತ್ತಿರದ ಹೆಂಗಸು ನಾಲ್ಕು ಜನರ ಮುಂದೆ ಅಂಗೈ ಮೂಸುವುದು ಚೆನ್ನಾಗಿರುವುದಿಲ್ಲ ಎಂದು ನಿಮಗನ್ನಿಸಿದರೆ, ಅಲ್ಲಿದ್ದ ಮೆಕ್ಯಾನಿಕ್ಕಿಗೂ ಹಾಗೇ ಅನ್ನಿಸಿತು.

ಮೈಸೂರಿನಲ್ಲಿ ಚಿಕ್ಕಂದಿನಲ್ಲೇ ಪೋಲಿಯೋ ನನ್ನ ಎರಡು ಕಾಲನ್ನೂ ಮಾತಾಡಿಸಿಕೊಂಡು ಹೋಗಿತ್ತು. ತಲೆಯ ತಂಟೆಗೆ ಬರಲಿಲ್ಲವಾದ್ದರಿಂದ ಗಣಿತ ಓದಿದೆ. ಎಪ್ಪತ್ತರ ದಶಕದ ಮೊದಲಲ್ಲಿ ಆಸ್ಟಿನ್ನಿಗೆ ಬಂದು ಇನ್ನಷ್ಟು ಗಣಿತ ಓದಿದೆ. ಓದು ಮುಗಿಯುವ ಹೊತ್ತಿಗೆ ಹ್ಯೂಸ್ಟನ್ನಿನ ಈ ಕ್ಲಿಯರ್ ಲೇಕಿನಲ್ಲಿ, ಆಕಾಶಕ್ಕೆ ಹೋಗುವ ಸಾಮಾನುಗಳ ಲೆಕ್ಕ ಹಾಕುವ ಕೆಲಸ ಸಿಕ್ಕಿತು. ಆಕಾಶಕ್ಕೆ ಹೋಗಲು ಏನೇನೋ ಇದ್ದವು, ಆಫೀಸಿಗೆ ಹೋಗಲು ಒಂದು ಬಸ್ಸಿರಲಿಲ್ಲ. ಕಾರು ಓಡಿಸಲು ಬಂದರೆ ಕೆಲಸ, ಇಲ್ಲದಿದ್ದರೆ ಡಲ್ಲಾಸಿನಲ್ಲಿದ್ದ ಅಣ್ಣನ ಮನೆ.

ಅಣ್ಣ ಬಹಳ ಒಳ್ಳೆಯವನು. ಅದೇ ತೊಂದರೆ. "ನೀನ್ಯಾಕೆ ಕಷ್ಟ ಪಡ್ತೀಯ? ನಮ್ಮನೇಲೇ ಇರು. ಎಲ್ಲಿಗೆ ಬೇಕಾದ್ರೂ ನಿಮ್ಮತ್ತಿಗೆ ಕರ್ಕೊಂಡು ಹೋಗ್ತಾಳೆ" ಎಂದು ಫೋನಿನಲ್ಲಿ ಅಂದ. ಹಿಂದಿನಿಂದ ಅತ್ತಿಗೆ ಪಾತ್ರೆ ಇಟ್ಟ ಸದ್ದು ಕೇಳಿಸಿತು. ಮೆಲ್ಲಗೆ ಇಟ್ಟ ಸದ್ದಲ್ಲ. ಇನ್ನು ಮೂವತ್ತು ವರ್ಷ ಆ ಹೆಂಗಸಿಗೆ ಬಿಡುವಾದಾಗ ಮಾತ್ರ ನನಗೆ ಲೈಬ್ರರಿಗೆ ಹೋಗಬೇಕೆನ್ನಿಸಬೇಕು ಎಂದು ಯೋಚಿಸಿ, ಕಾರು ಕಲಿಯುತ್ತೇನೆಂದು ಆ ರಾತ್ರಿಯೇ ಶಾಂತಕ್ಕನಿಗೆ ಹೇಳಿದೆ.

ಶಾಂತಕ್ಕ ಧಾರವಾಡದವರು. ಗಂಡ ನಮ್ಮ ಯೂನಿವರ್ಸಿಟಿಯಲ್ಲಿ ಪ್ರೊಫೆಸರು. ಅವರ ಹತ್ತಿರ ಹಡಗಿನಂಥ ಹಳೆಯ ಆಟೊಮ್ಯಾಟಿಕ್ ಕಾರಿತ್ತು. ಯುದ್ಧದಲ್ಲಿ ಕಾಲು ಕಳೆದುಕೊಂಡು ಬಂದ ಹುಡುಗರ ಕಾರುಗಳಿಗೆ ಕೈಲಿವರ್ ಹಾಕಿಕೊಡುವ ಗ್ಯಾರೇಜೊಂದು ಊರಲ್ಲಿದೆ ಎಂದು ಪತ್ತೆ ಮಾಡಿದವರೂ ಅವರೇ.

"ನಮ್ಮ ಕಾರಿಗೇ ಹಾಕಸೋಣ ತಗೋ" ಎಂದರು.

"ನೀವು ಹೇಗೆ ಓಡಿಸ್ತೀರಿ ಆಮೇಲೆ?"

"ನಾ ಕಾಲಿಲೆ ಓಡಸ್ತೀನಿ, ನೀ ಕೈಲೆ ಓಡಸು. ಕಾರಿಗೇನ್ ಗೊತ್ತಾಗ್ತದ?"

ಲಿವರ್ ಸ್ಟಿಯರಿಂಗಿನ ಎಡಕ್ಕೆ ಇರುತ್ತದೆ. ಮುಂದಕ್ಕೆ ದೂಡಿದರೆ ಬ್ರೇಕು, ತೊಡೆಯ ಕಡೆಗೆ ಎಳೆದರೆ ವೇಗ. ಬಲಗೈ ಸ್ಟಿಯರಿಂಗಿಗೆ. ಅಷ್ಟೇ ವಿದ್ಯೆ. ಆಗೆಲ್ಲ ಭಾನುವಾರ ದೊಡ್ಡ ಅಂಗಡಿಗಳಿಗೆ ರಜೆ. ಅಂಥ ಒಂದು ಅಂಗಡಿಯ ಮುಂದಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಪಾಠ ಶುರುವಾಯಿತು. ಚಕ್ರದಡಿಗೆ ನಿಂಬೆಹಣ್ಣು ಇಡೋಣವೇ ಎಂದು ಕೇಳಿದೆ. ಮನೆಯಲ್ಲಿರುವುದು ಉಪ್ಪಿನಕಾಯಿಗೇ ಸಾಲದು ಎಂದರು.

"ಅಕ್ಕಾ, ಬ್ರೇಕು ಹಿಡೀದಿದ್ರೆ?"

"ಹಿಡೀಲಿಲ್ಲಂದ್ರ ನಿಲ್ಲೂದಿಲ್ಲ. ನಡಿ."

"ಎದುರಿಗೆ ಯಾರಾದ್ರೂ ಬಂದ್ರೆ?"

"ಮುಂಜಾನೆ ಯಾರ್ ಬರ್ತಾರವಾ? ಎಲ್ಲಾರೂ ಚರ್ಚಿನ್ಯಾಗ ಅದಾರ."

ಯಾರೂ ಬರಲಿಲ್ಲ, ದೀಪದ ಕಂಬವೊಂದು ಬಂತು. ನಾನು ಮೈಸೂರಿನ ಜಟಕಾಗಳಲ್ಲಿ ಶಾಲೆಗೆ ಹೋಗಿ ಬೆಳೆದವಳು. ನಿಲ್ಲಿಸಬೇಕಾದರೆ ಲಗಾಮು ಎಳೆಯಬೇಕು ಎಂಬುದು ಕೈಗೆ ತಿಳಿದಿತ್ತು. ಎಳೆದೆ. ಕಾರು ಹುರುಪುಗೊಂಡಿತು. ಇನ್ನಷ್ಟು ಎಳೆದೆ. ಶಾಂತಕ್ಕ ಕೈ ಚಾಚಿ ಕೀ ತಿರುಗಿಸಿ ಎಂಜಿನ್ ಆರಿಸದಿದ್ದರೆ ಈ ಪ್ರಬಂಧವನ್ನು ಇನ್ನಾರೋ ಬರೆಯಬೇಕಿತ್ತು. ಕಂಬಕ್ಕೂ ನಮಗೂ ನಡುವೆ ಒಬ್ಬ ಸಣಕಲು ಮನುಷ್ಯ ನಿಲ್ಲುವಷ್ಟು ಜಾಗ ಉಳಿದಿತ್ತು.

"ತಂಗಿ" ಎಂದರು ಶಾಂತಕ್ಕ, "ಇದು ಕುದುರಿ ಅಲ್ಲ."

ಇನ್ನು ಸಾಕು, ಡಲ್ಲಾಸಿಗೆ ಹೋಗುತ್ತೇನೆ ಎಂದೆ. ಅವರು ಕೀ ತಿರುಗಿಸಿ ಮತ್ತೆ ಕಾರು ಶುರು ಮಾಡಿ, ಕೈಕಟ್ಟಿ ಕೂತರು. ಕಣ್ಣು ಮಾತ್ರ ಕಂಬದ ಮೇಲಿಂದ ತೆಗೆಯಲಿಲ್ಲ. ಅಷ್ಟು ಹೆದರಿದವರು ಇಳಿದು ಹೋಗದೆ ಕೂತಿರುವಾಗ ನಾನು ಇಳಿಯುವುದು ಹೇಗೆ? ಕೈಗೆ ಹಳೆಯದನ್ನು ಮರೆಸಲು ಇಡೀ ಬೇಸಿಗೆ ಹಿಡಿಯಿತು. ಅಡಿಗೆ ಮಾಡುವಾಗಲೂ ಎಡಗೈಯಲ್ಲಿ ಗಾಳಿಯನ್ನು ಮುಂದಕ್ಕೆ ದೂಡುತ್ತಿದ್ದೆ.

ಪರೀಕ್ಷೆಯ ದಿನ ಬಂದ ಅಧಿಕಾರಿ ಬಿಳಿಕೂದಲಿನ ಮುದುಕ, ತಲೆಯ ಮೇಲೆ ಅಗಲದ ಹ್ಯಾಟು. ನನ್ನ ಕಾಲುಗಳನ್ನು ನೋಡಿದ, ಲಿವರನ್ನು ನೋಡಿದ.

"ಎಲ್ಲಾ ಕೈಯಲ್ಲೇನಾ, ಮ್ಯಾಮ್?"

"ಹೌದು."

"ನಮ್ಮಪ್ಪನಿಗೆ ಎರಡೂ ಕಾಲು ಗಟ್ಟಿಯಾಗಿತ್ತು. ದನದ ಕೊಟ್ಟಿಗೆಗೇ ಗುದ್ದಿದ" ಎಂದು ಸೀಟಿನಲ್ಲಿ ಕೂತ. "ನಡೀರಿ."

ನಡೆದೆವು. ತಿರುವುಗಳು, ಸಿಗ್ನಲ್ಲುಗಳು, ಹಿಮ್ಮುಖ, ಎರಡು ಕಂಬಗಳ ನಡುವೆ ನಿಲ್ಲಿಸುವುದು. ಲಿವರ್ ಕಿತ್ತು ಬರಲಿಲ್ಲ. ಸೆರಗು ನನ್ನ ಸೊಂಟದಲ್ಲೇ ಇತ್ತು. ಮಳೆ ಬರಲಿಲ್ಲ. ನಾನು ಕಾರು ಓಡಿಸುತ್ತಿದ್ದೆ, ನೋಡಿ. ಯಾರೂ ಎತ್ತಿ ಕೂರಿಸದೆ, ಯಾರ ಬಿಡುವನ್ನೂ ಕಾಯದೆ, ಮನುಷ್ಯರು ಹೋಗುವ ವೇಗದಲ್ಲಿ, ಕೆಲವರಿಗಿಂತ ಮುಂದೆ. ಲೈಸೆನ್ಸ್ ಕೊಡುವ ಆಫೀಸಿನೆದುರು ತಂದು ನಿಲ್ಲಿಸಿದೆ. ಮುದುಕ ಕಾಗದದ ಮೇಲೆ ಏನೋ ಗೀಚಿ, "ಪಾಸು, ಮ್ಯಾಮ್" ಎಂದ.

ನಮ್ಮ ತಂದೆಯ ವಯಸ್ಸಿನವರು, ಅಂಥ ಮಾತು ಹೇಳಿದ್ದಾರೆ. ನನ್ನ ಎರಡು ಕೈಯೂ ತಾವಾಗಿ ಮೇಲೆದ್ದು ಕೂಡಿಕೊಂಡವು.

ಕಾರು ಇನ್ನೂ ಗೇರಿನಲ್ಲಿತ್ತು. ಬ್ರೇಕು ಇದ್ದದ್ದು ಆ ಕೈಗಳಲ್ಲೇ. ನಾನು ನಮಸ್ಕಾರ ಮಾಡುತ್ತಿರುವಂತೆಯೇ ಕಾರು ಗಾಂಭೀರ್ಯದಿಂದ ಮುಂದುವರಿದು ಕಸದ ಡ್ರಮ್ಮಿಗೆ ತಾಗಿತು. ಡ್ರಮ್ಮು ಮಲಗಿತು. ಕಾಫಿ ಕುಡಿದೆಸೆದ ಲೋಟಗಳು ಉರುಳಿದವು. ನಾನು ಲಿವರ್ ದೂಡಿ ಹಿಡಿದು, ಉಸಿರೂ ಹಿಡಿದು, ಡಲ್ಲಾಸಿನ ಪಾತ್ರೆಗಳ ಸದ್ದನ್ನು ಕಿವಿಯಲ್ಲಿ ಕೇಳಿದೆ.

ಮುದುಕ ಲೋಟಗಳನ್ನು ನೋಡಿದ, ಕಾಗದವನ್ನು ನೋಡಿದ. "ಇದು ಪರೀಕ್ಷೆ ಮುಗಿದ ಮೇಲೆ ಆದದ್ದು" ಎಂದು ಪೆನ್ನನ್ನು ಜೇಬಿಗಿಟ್ಟ. ಆಮೇಲೆ, ಕೈಯಲ್ಲಿ ಏನು ಮಾಡಿದಿರಿ ಎಂದು ಕೇಳಿದ. ನಮ್ಮಲ್ಲಿ ಹಿರಿಯರಿಗೆ ಹಾಗೆ ಮಾಡುತ್ತೇವೆ ಎಂದೆ.

"ಕಾರಿನಲ್ಲಿರುವಾಗ ಹಿರಿಯರಿಗೆ ಬರೀ ತಲೆ ಆಡಿಸಿ, ಮ್ಯಾಮ್."

ಈ ಮಾತನ್ನು ಪಾಲಿಸಲು ಇಷ್ಟು ವರ್ಷ ನನ್ನಿಂದ ಆಗಿರಲಿಲ್ಲ. ದಾರಿಯಲ್ಲಿ ಯಾರಾದರೂ ಹಿರಿಯರು ಕಂಡರೆ ಗಡಿಬಿಡಿಯಿಂದ ಗೇರು ಪಾರ್ಕಿಗೆ ಹಾಕಿ, ಕೈ ಮುಗಿದು, ಹಿಂದಿನವರಿಂದ ಹಾರ್ನು ಹೊಡೆಸಿಕೊಳ್ಳುತ್ತಿದ್ದೆ. ಇವತ್ತು ಗ್ಯಾರೇಜಿನಿಂದ ಹೊರಟು ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನಲ್ಲಿ ನಮ್ಮ ಕನ್ನಡದವರೇ ಒಬ್ಬ ಹಿರಿಯ ಡಾಕ್ಟರು. ಗಾಜಿನಾಚೆಯಿಂದ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದರು. ಅವರ ಬ್ರೇಕು ಕಾಲಿನಲ್ಲಿದೆ, ಮಾಡಬಹುದು. ನಾನು ತಲೆ ಆಡಿಸಿದೆ. ಈಕೆಗೆ ಎಷ್ಟು ಜಂಬ ಎಂದು ಸಂಜೆ ಮನೆಯಲ್ಲಿ ಹೇಳಿದರೆ ಹೇಳಿಕೊಳ್ಳಲಿ.

ಹಸಿರು ದೀಪ ಬಂತು. ಅವರು ಇನ್ನೂ ಕೈ ಇಳಿಸುತ್ತಿದ್ದರು. ನಾನು ಮುಂದೆ ಹೋದೆ.